ಹದಿನೇಳನೇ ಖಾತೆಯ ಕಸದ ಬುಟ್ಟಿ

2025ರ ಜುಲೈ 8, ಮಂಗಳವಾರ, ಬೆಳಿಗ್ಗೆ ಹತ್ತೂವರೆ. ಹಾಸನದ ಸೈಬರ್ ಅಪರಾಧ ಠಾಣೆಯ ಮೆಟ್ಟಿಲು ಹತ್ತಿ ಇಬ್ಬರು ಬಂದರು. ಮುಂದಿದ್ದವಳು ಇಪ್ಪತ್ತೊಂಬತ್ತು ವರ್ಷದ ಅನುಶ್ರೀ. ಚನ್ನರಾಯಪಟ್ಟಣದಿಂದ ಬಸ್ಸು ಹಿಡಿದು ಬಂದಿದ್ದಳು. ಹಿಂದಿದ್ದವನು ಹೊಳೆನರಸೀಪುರದಲ್ಲಿ ಫೋಟೊ ಸ್ಟುಡಿಯೋ ಇಟ್ಟಿರುವ ರುದ್ರೇಶ. ಅವನ ಕಂಕುಳಲ್ಲಿ ಉದ್ದನೆಯ ನೋಟ್‌ಪುಸ್ತಕವೊಂದಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಹೆಡ್ ಕಾನ್‌ಸ್ಟೇಬಲ್ ಪಾಪಯ್ಯ ಕುರ್ಚಿ ಎಳೆದುಕೊಟ್ಟರು. ಅನುಶ್ರೀ ಕೂರಲಿಲ್ಲ.

"ನನ್ ಮದುವೆ ಫೋಟೊಗಳನ್ನ ಯಾರೋ ಅಳಿಸಿದಾರೆ ಸಾ. ಸೋಮವಾರದೊಳಗೆ ಬೇಕು."

"ಫೋಟೊ ವಿಷ್ಯ ಸ್ಟುಡಿಯೋದೋರನ್ನ ಕೇಳ್ಬೇಕು ಕಣವ್ವ. ಜೊತೇಲೇ ಕರ್ಕೊಂಡ್ ಬಂದಿದೀಯಲ್ಲ."

"ಅವು ಸಿಗ್ದೆ ಇದ್ರೆ ನಮ್ಮನೆಯವರು ಉಳಿಯಲ್ಲ ಸಾ."

ಒಳಗಿನ ಕೋಣೆಯಿಂದ ಇನ್‌ಸ್ಪೆಕ್ಟರ್ ಪ್ರತಿಭಾ, "ಒಳಗೆ ಕಳಿಸಿ," ಎಂದರು.

ಅನುಶ್ರೀಯ ಗಂಡ ದೇವರಾಜು ಚನ್ನರಾಯಪಟ್ಟಣದ ತೆಂಗಿನಕಾಯಿ ಮಾರುಕಟ್ಟೆಯಲ್ಲಿ ಗುಮಾಸ್ತ. ಎರಡು ವರ್ಷದಿಂದ ಅವನ ಎರಡೂ ಮೂತ್ರಪಿಂಡ ಕೆಲಸ ಮಾಡುತ್ತಿಲ್ಲ. ವಾರಕ್ಕೆ ಮೂರು ದಿನ ಡಯಾಲಿಸಿಸ್. ತನ್ನದೊಂದು ಕಿಡ್ನಿ ಕೊಡಲು ಅನುಶ್ರೀ ಮುಂದೆ ಬಂದಿದ್ದಳು. ರಕ್ತ, ಪರೀಕ್ಷೆ ಎಲ್ಲ ಹೊಂದಿದ್ದವು. ಉಳಿದದ್ದು ಮೈಸೂರಿನ ಆಸ್ಪತ್ರೆಯ ಸಮಿತಿಯ ಒಪ್ಪಿಗೆ. ಕಿಡ್ನಿ ಮಾರಾಟ ನಡೆಯಬಾರದೆಂದು ಆ ಸಮಿತಿ ಗಂಡಹೆಂಡತಿ ಸಂಬಂಧಕ್ಕೆ ಪುರಾವೆ ಕೇಳುತ್ತದೆ. ಇವರ ಮದುವೆ 2019ರಲ್ಲೇ ಆಗಿದ್ದರೂ ನೋಂದಣಿಯಾದದ್ದು ಈ ವರ್ಷದ ಫೆಬ್ರವರಿಯಲ್ಲಿ. ರೇಷನ್ ಕಾರ್ಡಿಗೆ ಹೆಸರು ಸೇರಿದ್ದೂ ಈಚೆಗೇ. ಮಕ್ಕಳಿಲ್ಲ. "ಈ ಕಾಗದಗಳೆಲ್ಲ ಹೊಸವು, ಮದುವೆಯ ಫೋಟೊ ತನ್ನಿ" ಎಂದು ಸಮಿತಿ ಬರೆದು ಕೊಟ್ಟಿತ್ತು. ತವರಿನಲ್ಲಿದ್ದ ಆಲ್ಬಮ್ಮನ್ನು ಗೆದ್ದಲು ತಿಂದಿತ್ತು. ನೆಂಟರ ಫೋನುಗಳಲ್ಲಿ ಹುಡುಕಿದರೆ ಸಿಕ್ಕಿದ್ದು ಊಟದ ಎಲೆಯ ಮುಂದೆ ಕೂತವರ ಎರಡು ಮಸುಕು ಚಿತ್ರ.

"ಸಮಿತಿ ಯಾವಾಗ?"

"ಸೋಮವಾರ, ಹದಿನಾಲ್ಕು. ಅದು ಬಿಟ್ರೆ ಆರು ವಾರ ಆದ್ಮೇಲೆ."

"ಆರು ವಾರ ಕಾಯೋಕಾಗಲ್ವಾ?"

"ಶ್ವಾಸಕೋಶಕ್ಕೆ ನೀರು ತುಂಬ್ಕೊಳ್ತಿದೆ ಮೇಡಂ. ಹೃದಯಾನೂ ಸೋತಿದೆ. ಡಾಕ್ಟ್ರು, 'ಆರು ವಾರದ ಮಾತು ನಾನು ಕೊಡಲ್ಲ' ಅಂದ್ರು."

ಪ್ರತಿಭಾ ರುದ್ರೇಶನ ಕಡೆ ತಿರುಗಿದರು. "ನಿಮ್ಮ ಹತ್ರ ಇದ್ದ ಫೋಟೊ ಏನಾಯ್ತು?"

"ಅದೇ ಗೊತ್ತಿಲ್ಲ ಮೇಡಂ. ಕ್ಲೌಡ್‌ನಲ್ಲಿತ್ತು. ಎರಡು ಕಡೆ ಇತ್ತು. ಎರಡೂ ಕಡೆ ಇಲ್ಲ. ಒಂದು ಖಾತೆಗೆ ನಾನೇ ಒಳಗೆ ಹೋಗಕ್ಕಾಗ್ತಿಲ್ಲ. ಪಾಸ್‌ವರ್ಡ್ ಯಾರೋ ಬದಲಾಯಿಸಿದಾರೆ."

ಮಧ್ಯಾಹ್ನ 12.10ಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ರ ಅಡಿ ಅಪರಿಚಿತರ ಮೇಲೆ ಎಫ್‌ಐಆರ್ ದಾಖಲಾಯಿತು. ಸಹಿ ಹಾಕಿದ ಅನುಶ್ರೀ ಮೇಜಿನ ಅಂಚು ಹಿಡಿದು ನಿಂತದ್ದನ್ನು ಕಂಪ್ಯೂಟರ್ ಮುಂದಿದ್ದ ಕಾನ್‌ಸ್ಟೇಬಲ್ ಸಂಘಮಿತ್ರಾ ನೋಡಿದಳು. ಬೆಳಿಗ್ಗೆಯಿಂದ ಏನೂ ತಿಂದಿಲ್ಲವೆಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ತನ್ನ ಡಬ್ಬಿಯ ಉಪ್ಪಿಟ್ಟಿನಲ್ಲಿ ಅರ್ಧ ಮುಚ್ಚಳಕ್ಕೆ ಹಾಕಿ, ಅನುಶ್ರೀಯ ಮುಂದೆ ಇಟ್ಟಳು.

ಮಧ್ಯಾಹ್ನ ಮೂರು ಗಂಟೆಗೆ ಹೊಳೆನರಸೀಪುರದ ಸ್ಟುಡಿಯೋದಲ್ಲಿ ಪಂಚನಾಮೆ ಶುರುವಾಯಿತು. ಪಕ್ಕದ ಔಷಧಿ ಅಂಗಡಿಯವರೂ ಎದುರಿನ ದರ್ಜಿಯೂ ಪಂಚರು. ರುದ್ರೇಶ ಕಂಪ್ಯೂಟರ್ ತೆರೆದು, ನೋಟ್‌ಪುಸ್ತಕ ಬಿಡಿಸಿದ. ಅದರಲ್ಲಿ ಒಂದರಿಂದ ನಲವತ್ತೊಂದರವರೆಗೆ ಅಂಕಿ, ಎದುರಿಗೆ ಪಾಸ್‌ವರ್ಡು, ತೆರೆದ ತಾರೀಖು.

"ನಲವತ್ತೊಂದು ಖಾತೆ ಯಾಕೆ?" ಪ್ರತಿಭಾ ಕೇಳಿದರು.

"ಒಂದೊಂದಕ್ಕೆ ಹದಿನೈದು ಜಿ.ಬಿ. ಬಿಟ್ಟಿ ಕೊಡ್ತಾರೆ ಮೇಡಂ. ತುಂಬಿದ ಮೇಲೆ ಇನ್ನೊಂದು ತೆರೀತೀನಿ."

"ಒಂದೇ ಫೋನ್ ನಂಬರ್‌ಗೆ ಇಷ್ಟೊಂದು ಕೊಡಲ್ಲವಲ್ಲ."

ರುದ್ರೇಶ ಕತ್ತು ತುರಿಸಿಕೊಂಡ. "ಮದುವೆ ಮನೇಲಿ ಯಾರು ಮುಂದೆ ಸಿಕ್ತಾರೋ ಅವರ ನಂಬರ್ ಹಾಕೋದು. 'ಯಜಮಾನ್ರೆ, ಒಂದು ಕೋಡ್ ಬರತ್ತೆ, ಓದಿ ಹೇಳಿ' ಅಂದ್ರೆ ಹೇಳ್ತಾರೆ. ಸಂತೋಷದ ದಿನ, ಯಾರೂ ಇಲ್ಲ ಅನ್ನಲ್ಲ."

"ಯಾರ ನಂಬರ್ ಅಂತ ಬರ್ಕೊಂಡಿದೀರಾ?"

"ಇಲ್ಲ ಮೇಡಂ. ಮತ್ತೆ ಬೇಕಾಗತ್ತೆ ಅಂತ ಅನ್ನಿಸ್ಲೇ ಇಲ್ಲ."

ಪಾಪಯ್ಯ ನೋಟ್‌ಪುಸ್ತಕದ ಪುಟ ತಿರುವುತ್ತ ಹೇಳಿದರು: "ಭಲೇ ಕಣಪ್ಪ. ನಲವತ್ತೊಂದು ಬಾಗ್ಲಿಗೂ ಬೀಗ ಜಡ್ದು ಬೀಗದ ಕೈಯನ್ನ ಊಟಕ್ಕೆ ಬಂದೋರ ಜೇಬಿಗೆ ಹಾಕ್ ಕಳ್ಸಿದೀಯ."

ದರ್ಜಿ ನಕ್ಕ. ರುದ್ರೇಶನಿಗೆ ನಗು ಬರಲಿಲ್ಲ. ಅನುಶ್ರೀಯ ಮದುವೆಯ ಫೋಟೊಗಳಿದ್ದದ್ದು ಹದಿನೇಳನೇ ಖಾತೆಯಲ್ಲಿ. ಅವುಗಳದೇ ಪ್ರತಿ ಇದ್ದ ಜೋಡಿ ಖಾತೆ ಮೂವತ್ತೊಂದು. ಮೂವತ್ತೊಂದು ತೆರೆಯಿತು, ಖಾಲಿ. ಹದಿನೇಳು ತೆರೆಯಲಿಲ್ಲ. 'ಪಾಸ್‌ವರ್ಡ್ ಮರೆತಿದ್ದೀರಾ' ಎಂಬಲ್ಲಿ ಒತ್ತಿದರೆ, ಕೋಡನ್ನು ಒಂದು ಫೋನಿಗೆ ಕಳಿಸುವುದಾಗಿ ತೋರಿಸಿತು. ಆ ನಂಬರಿನ ಜಾಗದಲ್ಲಿ ಎಂಟು ಚುಕ್ಕೆ, ಕೊನೆಗೆ ಎರಡೇ ಅಂಕಿ: 47.

"ಇದು ಯಾರದ್ದು?"

"ಪುಸ್ತಕದಲ್ಲಿ ತಾರೀಖಿದೆ ಮೇಡಂ. 24-11-2019. ಆವತ್ತು ನಾನು ಎರಡು ಮದುವೆ ಮಾಡಿದೆ. ಬೆಳಿಗ್ಗೆ ಅರಕಲಗೂಡಲ್ಲಿ ಈಶ್ವರಯ್ಯನವರ ಮಗಳದ್ದು, ಮಧ್ಯಾಹ್ನ ಇಲ್ಲೇ ಅನುಶ್ರೀಯವರದ್ದು. ಅರಕಲಗೂಡಲ್ಲಿ ಜವಳಿ ಅಂಗಡಿ ಈಶ್ವರಯ್ಯನವರನ್ನ ಕೇಳಿದ್ದು ನೆನಪಿದೆ. ಅವರದ್ದೇ ಇರಬೇಕು."

ಸಂಘಮಿತ್ರಾ ಬರೆದುಕೊಂಡಳು. ಪಂಚನಾಮೆ ಮುಗಿದಾಗ ಸಂಜೆ 5.25.

ಬುಧವಾರ ಬೆಳಿಗ್ಗೆ ಹಾಸನದಲ್ಲಿಯೇ ಸುದರ್ಶನನ ವಿಚಾರಣೆ ನಡೆಯಿತು. ರುದ್ರೇಶನ ಖಾತೆಗಳನ್ನು ಜೋಡಿ ಮಾಡಿ, ಫೈಲುಗಳನ್ನು ತಾನೇ ಸಾಗಿಸುವ ಪ್ರೋಗ್ರಾಮ್ ಬರೆದುಕೊಟ್ಟವನು ಅವನು. ಮೊದಲ ಅನುಮಾನ ಅವನ ಮೇಲೆಯೇ ಇತ್ತು. ಕೇಳುವ ಮೊದಲೇ ಅವನು ದಾಖಲೆಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಕೊಂಡು ಬಂದಿದ್ದ.

"ಹದಿನೈದು ನಿಮಿಷಕ್ಕೊಂದು ಸಲ ಎರಡೂ ಖಾತೆ ಹೋಲಿಸಿ ನೋಡತ್ತೆ ಮೇಡಂ. ಒಂದರಲ್ಲಿ ಇರೋದು ಇನ್ನೊಂದರಲ್ಲೂ ಇರೋ ಹಾಗೆ ಮಾಡತ್ತೆ."

"ಒಂದರಲ್ಲಿ ಅಳಿಸಿದ್ರೆ?"

"ಇನ್ನೊಂದರಲ್ಲೂ ಅಳಿಸತ್ತೆ."

"ಹಾಗಾದ್ರೆ ಎರಡು ಕಡೆ ಇಟ್ಟಿದ್ದರಿಂದ ಏನು ಬಂತು?"

ಸುದರ್ಶನ ಮೇಜು ನೋಡಿದ. "ಅವರು ಕೇಳಿದ್ದು, ಎರಡೂ ಒಂದೇ ಥರ ಇರಲಿ ಅಂತ. ಅದರ ಅರ್ಥ ಇದು ಅಂತ ನಾನು ಬಿಡಿಸಿ ಹೇಳಬೇಕಿತ್ತು. ಹೇಳಲಿಲ್ಲ."

ದಾಖಲೆಯಲ್ಲಿ ಹೀಗಿತ್ತು. ಜೂನ್ 11, ಬುಧವಾರ, 11.42: ಹದಿನೇಳನೇ ಖಾತೆಯಿಂದ 1,864 ಫೋಟೊಗಳು ಕಸದ ಬುಟ್ಟಿಗೆ ಹೋಗಿವೆ. 11.45: ಪ್ರೋಗ್ರಾಮ್ ಮೂವತ್ತೊಂದರಲ್ಲೂ ಅವನ್ನು ಬುಟ್ಟಿಗೆ ಹಾಕಿದೆ. 12.15ರಿಂದ ಹದಿನೇಳಕ್ಕೆ ಪ್ರವೇಶ ಸಿಕ್ಕಿಲ್ಲ. ಮುಂದಿನ ಭಾನುವಾರ, ಜಾಗ ಉಳಿಸಲೆಂದು ಪ್ರತಿವಾರ ಮಾಡುವಂತೆ, ಪ್ರೋಗ್ರಾಮ್ ಮೂವತ್ತೊಂದರ ಬುಟ್ಟಿಯನ್ನು ಪೂರ್ತಿ ಖಾಲಿ ಮಾಡಿದೆ. ಈ ಎಚ್ಚರಿಕೆಗಳೆಲ್ಲ ಮೊದಲನೇ ಖಾತೆಯ ಇ-ಮೇಲಿಗೆ ಹೋಗಿದ್ದವು. ಅದನ್ನು ರುದ್ರೇಶ ಎರಡು ವರ್ಷದಿಂದ ತೆರೆದಿರಲಿಲ್ಲ.

ಸಂಘಮಿತ್ರಾ ತಟ್ಟನೆ ಕೇಳಿದಳು: "ಹದಿನೇಳಕ್ಕೆ ನಿಮ್ಮ ಪ್ರೋಗ್ರಾಮ್ ಹೋಗೋಕೆ ಆಗಿಲ್ಲ ಅಂದ್ರೆ, ಅದರ ಬುಟ್ಟಿ ಖಾಲಿಯಾಗಿಲ್ಲ ಅಲ್ವಾ?"

"ಒಳಗೆ ಹೋದವರೇ ಖಾಲಿ ಮಾಡಿಲ್ಲದಿದ್ರೆ, ಇದೆ. ಆದ್ರೆ ಮೂವತ್ತು ದಿನ ಮಾತ್ರ. ಆಮೇಲೆ ಕಂಪನಿಯೇ ತೆಗೆದುಬಿಡತ್ತೆ."

ಪ್ರತಿಭಾ ಗೋಡೆಯ ಕ್ಯಾಲೆಂಡರ್ ನೋಡಿದರು. ಮೂವತ್ತು ದಿನ ತುಂಬುವುದು ಜುಲೈ 11, ಶುಕ್ರವಾರ, ಬೆಳಿಗ್ಗೆ 11.42ಕ್ಕೆ. ಉಳಿದಿದ್ದದ್ದು ಎರಡು ದಿನ. ಕಂಪನಿಗೆ ಆಗಲೇ ನೋಟಿಸು ಹೋಯಿತು. ಮರು ಉತ್ತರ ಅರ್ಧ ಗಂಟೆಯಲ್ಲಿ ಬಂತು: ನಿಮ್ಮ ಮನವಿ ಸ್ವೀಕರಿಸಲಾಗಿದೆ, ಸರದಿಯಂತೆ ಪರಿಶೀಲಿಸಲಾಗುವುದು. ಅಷ್ಟೇ. ಕೊನೆಯ ಎರಡಂಕಿ ಹಿಡಿದು ಫೋನ್ ಕಂಪನಿಗಳನ್ನು ಕೇಳುವಂತೆಯೂ ಇರಲಿಲ್ಲ. ಆ ಫೋನನ್ನು ಮನುಷ್ಯರ ಮೂಲಕವೇ ಹುಡುಕಬೇಕಿತ್ತು.

ಬುಧವಾರ ಸಂಜೆ ಅನುಶ್ರೀ ಮೂರು ಸಲ ಠಾಣೆಗೆ ಫೋನ್ ಮಾಡಿದಳು. ಮೂರು ಸಲವೂ ಪಾಪಯ್ಯ, "ಊಟ ಮಾಡ್ದಾ ಕಣವ್ವ?" ಎಂದೇ ಮಾತು ಶುರು ಮಾಡಿದರು.

ಈಶ್ವರಯ್ಯ ಮದುವೆಯೊಂದಕ್ಕೆ ಧರ್ಮಸ್ಥಳಕ್ಕೆ ಹೋಗಿದ್ದವರು, ಸಿಕ್ಕಿದ್ದು ಗುರುವಾರ ಮಧ್ಯಾಹ್ನ ಎರಡೂವರೆಗೆ, ಅರಕಲಗೂಡಿನ ತಮ್ಮ ಜವಳಿ ಅಂಗಡಿಯಲ್ಲಿ. ಪೊಲೀಸರನ್ನು ಕಂಡು ಗಾಬರಿಯಾದರೂ ಚಾಪೆಯ ಮೇಲೆ ಹರಡಿದ್ದ ಸೀರೆ ಸರಿಸಿ ಜಾಗ ಮಾಡಿದರು. ಮಜ್ಜಿಗೆ ಬಂತು.

"ನಿಮ್ಮ ಫೋನ್ ನಂಬರಿನ ಕೊನೆ ಎರಡಂಕಿ?"

"ಎಂಬತ್ತು."

"ಮಗಳ ಮದುವೆ ದಿನ ನಿಮ್ಮ ಮನೆಯಲ್ಲಿ 47ರಲ್ಲಿ ಮುಗಿಯೋ ನಂಬರ್ ಯಾರದ್ದಾದ್ರೂ ಇತ್ತಾ?"

"ಇಲ್ಲ ತಾಯಿ. ಫೋಟೊದ ರುದ್ರೇಶಪ್ಪ ಕೇಳಿದ್ದು ನನ್ನನ್ನೇ. ನಾನೇ ಓದಿ ಹೇಳ್ದೆ. ಬೇಕಾದ್ರೆ ತೋರಿಸ್ತೀನಿ, ನಾನು ಯಾವ ಮೆಸೇಜೂ ತೆಗೆಯೋನಲ್ಲ. ಯಾರು ಕಳಿಸಿದ್ರೂ ಕಳಿಸಿದ್ದೇ ಅಲ್ವಾ?"

ಅವರ ಫೋನಿನಲ್ಲಿ ಆರು ವರ್ಷದ ಸಂದೇಶಗಳು ಹಾಗೇ ಇದ್ದವು. ಸಂಘಮಿತ್ರಾ ಇಪ್ಪತ್ತು ನಿಮಿಷ ಬೆರಳು ಜಾರಿಸಿ 2019ರ ನವೆಂಬರಿಗೆ ಹೋದಳು. ಕೋಡ್ ಬಂದಿದ್ದದ್ದು ಬೆಳಿಗ್ಗೆ 9.10ಕ್ಕೆ. ಸುದರ್ಶನ ಕೊಟ್ಟ ದಾಖಲೆಯಲ್ಲಿ ಆ ಹೊತ್ತಿಗೆ ತೆರೆದದ್ದು ಹದಿನಾರನೇ ಖಾತೆ. ಹದಿನೇಳು ಹುಟ್ಟಿದ್ದು ಅದೇ ದಿನ ಮಧ್ಯಾಹ್ನ 1.05ಕ್ಕೆ.

"ಒಂದು ಗಂಟೆಗೆ ರುದ್ರೇಶ ಎಲ್ಲಿದ್ದ?" ಪ್ರತಿಭಾ ಕೇಳಿದರು. ಉತ್ತರ ಅವರಿಗೇ ಗೊತ್ತಿತ್ತು. ಹೊಳೆನರಸೀಪುರದ ಛತ್ರದಲ್ಲಿ, ಅನುಶ್ರೀಯ ಮದುವೆಯಲ್ಲಿ.

ಚನ್ನರಾಯಪಟ್ಟಣ ತಲುಪಿದಾಗ ಸಂಜೆ 7.20. ಮಾರುಕಟ್ಟೆಯ ಹಿಂದಿನ ಬೀದಿಯ ಬಾಡಿಗೆ ಮನೆ. ದೇವರಾಜು ಎರಡು ದಿಂಬಿಗೆ ಒರಗಿ ಕೂತಿದ್ದ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಎದ್ದು ನಿಲ್ಲಲು ಹೋದವನನ್ನು ಪ್ರತಿಭಾ ಕೈಸನ್ನೆಯಿಂದ ತಡೆದರು.

"ಅನುಶ್ರೀ, ನಿಮ್ಮ ಮದುವೆಗೆ ಬಂದವರ ನಂಬರುಗಳು ನಿಮ್ಮ ಫೋನಿನಲ್ಲಿ ಇರ್ತವೆ. 47ರಲ್ಲಿ ಮುಗಿಯೋದು ಯಾವುದಾದರೂ ಇದೆಯಾ ನೋಡಿ."

ಅನುಶ್ರೀ ಹುಡುಕತೊಡಗಿದಳು. ಸಂಘಮಿತ್ರಾ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು ತಾನೂ ನೋಡಿದಳು. ಮುನ್ನೂರು ಹೆಸರು. ಅರ್ಧದ ಹೊತ್ತಿಗೆ ಏನೂ ಸಿಗದೆ ಅನುಶ್ರೀ ಹಣೆ ಒತ್ತಿಕೊಂಡಳು. ಆಮೇಲೆ ಪಟ್ಟಿಯನ್ನು ಮತ್ತೆ ಮೊದಲಿಗೆ ತಂದಳು. ಅಕ್ಷರಮಾಲೆಯ ಮೊದಲ ಹೆಸರನ್ನು ಅವಳು ನೋಡದೆ ದಾಟಿದ್ದಳು.

"ಇದೊಂದಿದೆ," ಎಂದಳು. "ಆದ್ರೆ ಇದು ಅಪ್ಪಂದು."

ಅವಳ ತಂದೆ ಚನ್ನಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆ ನಂಬರಿಗೆ ಅವಳು ಆಮೇಲೆ ಒಮ್ಮೆಯೂ ಕರೆ ಮಾಡಿರಲಿಲ್ಲ. ಅಳಿಸಿಯೂ ಇರಲಿಲ್ಲ.

"ಸಿಮ್ ಈಗ ಎಲ್ಲಿದೆ?"

"ಅವ್ವನ ಹತ್ರ. ಅವ್ವ ಹಳೇಕೋಟೆಲಿ ಅಂಗನವಾಡಿ ಟೀಚರ್. ಇಲಾಖೆ ಕೊಟ್ಟ ಫೋನಿಗೆ ಅಪ್ಪನ ಸಿಮ್ ಹಾಕ್ಕೊಂಡವ್ಳೆ. ದಿನಾ ಮಕ್ಳ ತೂಕ ಅದರಲ್ಲೇ..."

ದೇವರಾಜು ದಿಂಬಿನಿಂದ ಮುಂದಕ್ಕೆ ಬಾಗಿದ. "ಅತ್ತೇನಾ? ಇಲ್ಲ ಮೇಡಂ. ಅವರು ತಿಂಗಳಿಗೆ ಎರಡು ಸಲ ಬಂದು ನಂಗೆ ಉಪ್ಪಿಲ್ಲದ ಸಾರು ಮಾಡಿಟ್ಟು ಹೋಗ್ತಾರೆ. ತಮ್ಮ ಕಿಡ್ನೀನೇ ಕೊಡ್ತೀನಿ ಅಂತ ಪರೀಕ್ಷೆ ಮಾಡಿಸ್ಕೊಂಡ್ರು. ಸಕ್ಕರೆ ಕಾಯಿಲೆ ಇದೆ ಅಂತ ಡಾಕ್ಟ್ರು ಬೇಡ ಅಂದ್ರು."

"ಗೊತ್ತಾಗುತ್ತೆ," ಎಂದರು ಪ್ರತಿಭಾ. "ಇವತ್ತು ಕತ್ತಲಾಗಿದೆ. ಸೂರ್ಯ ಮುಳುಗಿದ ಮೇಲೆ ಹೆಂಗಸರನ್ನ ಬಂಧಿಸುವಂತಿಲ್ಲ. ಬೆಳಿಗ್ಗೆ ಹೋಗ್ತೀವಿ. ಅನುಶ್ರೀ, ಅಲ್ಲಿವರೆಗೆ ನೀವು ತಾಯಿಗೆ ಫೋನ್ ಮಾಡಬಾರದು. ಆ ಬುಟ್ಟಿಯನ್ನ ಖಾಲಿ ಮಾಡೋಕೆ ಒಂದೇ ಒತ್ತು ಸಾಕು. ಅರ್ಥವಾಯಿತಾ?"

"ಮಾಡಲ್ಲ."

ಎಂಟು ಗಂಟೆಗೆ ಫೋನೇ ಬಂತು. ತಾಯಿ ದಿನವೂ ಅದೇ ಹೊತ್ತಿಗೆ, ತಮ್ಮ ಸ್ವಂತ ಫೋನಿನಿಂದ ಮಾಡುವವರು. ಪರದೆಯ ಮೇಲೆ 'ಅವ್ವ' ಎಂದು ಮೂಡಿತು. ಅನುಶ್ರೀ ಫೋನನ್ನು ನೆಲದ ಮೇಲೆ ಇಟ್ಟಳು. ಅದು ಬಡಿದುಕೊಂಡಿತು, ನಿಂತಿತು, ಮತ್ತೆ ಬಡಿದುಕೊಂಡಿತು. ಮೂರನೇ ಸಲ ನಿಲ್ಲುವವರೆಗೆ ಸಂಘಮಿತ್ರಾ ಅವಳ ಬೆನ್ನ ಮೇಲೆ ಕೈ ಇಟ್ಟಿದ್ದಳು.

ಜುಲೈ 11, ಶುಕ್ರವಾರ. ಹಾಸನ ಬಿಟ್ಟ ಜೀಪು ದಾರಿಯಲ್ಲಿ ಚಕ್ರ ಪಂಕ್ಚರಾಗಿ ನಲವತ್ತು ನಿಮಿಷ ನಿಂತಿತು. ಹಳೇಕೋಟೆಯ ಅಂಗನವಾಡಿ ಮುಟ್ಟಿದಾಗ 10.35. ಶಾಲೆಯ ಮುಖ್ಯೋಪಾಧ್ಯಾಯರನ್ನೂ ಹಾಲಿನ ಡೇರಿಯ ಕಾರ್ಯದರ್ಶಿಯನ್ನೂ ಪಂಚರಾಗಿ ಕರೆದುಕೊಂಡು ಪ್ರತಿಭಾ ಒಳಗೆ ಹೋದರು.

ಸುಬ್ಬಮ್ಮ ಮಗುವೊಂದನ್ನು ತೂಕದ ಜೋಲಿಯಲ್ಲಿ ಕೂರಿಸಿದ್ದರು. ಐವತ್ತೆಂಟು ವರ್ಷ, ಸಣ್ಣ ಮೈ, ಹಳದಿ ಅಂಚಿನ ಇಲಾಖೆಯ ಸೀರೆ. ಖಾಕಿ ಕಂಡೊಡನೆ ಅವರ ಕೈ ನಿಂತಿತು. ಆದರೆ ಮಗುವನ್ನು ಹಿಡಿದ ಹಿಡಿತ ಸಡಿಲಾಗಲಿಲ್ಲ.

"ಮೊದಲು ಮಗುನ ಇಳಿಸಿ," ಎಂದರು ಪ್ರತಿಭಾ.

ಮಗು ಇಳಿಯಿತು. ಸಹಾಯಕಿ ಮಕ್ಕಳನ್ನೆಲ್ಲ ಜಗುಲಿಗೆ ಕರೆದೊಯ್ದಳು.

"ನಿಮ್ಮ ಮೇಜಿನ ಮೇಲಿರೋ ಫೋನಿನ ಸಿಮ್ ಯಾರ ಹೆಸರಲ್ಲಿದೆ?"

"ನಮ್ಮನೆಯವರ ಹೆಸ್ರಲ್ಲಿ."

"ಜೂನ್ ಹನ್ನೊಂದು, ಬೆಳಿಗ್ಗೆ ಹನ್ನೊಂದೂವರೆ ಹೊತ್ತಿಗೆ ಇದು ಎಲ್ಲಿತ್ತು?"

"ನನ್ ಕೈಲೇ ಇತ್ತು."

"ಏನು ಮಾಡಿದ್ರಿ?"

ಸುಬ್ಬಮ್ಮ ಜೋಲಿಯ ಹಗ್ಗ ಸುತ್ತಿಟ್ಟರು. "ನಿಮ್ಗೆ ಗೊತ್ತಾಗಿ ತಾನೆ ಬಂದಿರೋದು? ಅಳಿಸ್ದೆ."

"ಹೇಗೆ?"

"ಮದ್ವೆ ದಿನ ಛತ್ರದಲ್ಲಿ ಅವರು ಫೋಟೊದವ್ನಿಗೆ ಅಂಕಿ ಓದಿ ಹೇಳಿದ್ದು ನೆನಪಿತ್ತು. ಓಲಗದ ಸದ್ದಿಗೆ ಕೇಳಲ್ಲ ಅಂತ ಕಿರಿಚಿ ಹೇಳಿದ್ರು. ನಮ್ ಕೆಲಸದ ಆ್ಯಪೂ ಹಂಗೇ ಅಲ್ವಾ, ನಂಬರ್ ಹಾಕಿದ್ರೆ ಕೋಡ್ ಬತ್ತದೆ, ಕೋಡ್ ಹಾಕಿದ್ರೆ ಬಾಗ್ಲು ತೆಗೀತದೆ. ಅವರ ನಂಬರ್ ಹಾಕಿ ನೋಡ್ದೆ. ತೆಗೀತು."

"ಪಾಸ್‌ವರ್ಡ್ ಬದಲಾಯಿಸಿದ್ದೂ ನೀವೇನಾ?"

"ಊಂ. ಯಾರೂ ವಾಪಸ್ ತರ್ದಿರ್ಲಿ ಅಂತ."

"ಬುಟ್ಟಿ ಖಾಲಿ ಮಾಡಿದ್ರಾ?"

"ಇಲ್ಲ."

ಪ್ರತಿಭಾ ಗಡಿಯಾರ ನೋಡಿದರು. 10.58. "ಸುಬ್ಬಮ್ಮ, ಹೊಸ ಪಾಸ್‌ವರ್ಡ್ ಏನು?"

"ಅದು ಮರ್ತೋಗದೆ. ಏನೋ ಗಾಬ್ರೀಲಿ ಹೊಡ್ದೆ."

ಉಳಿದ ದಾರಿ ಒಂದೇ. ಮತ್ತೆ ಅದೇ ಫೋನಿಗೆ ಕೋಡ್ ತರಿಸಬೇಕು. ಫೋನಿಗೆ ಬೀಗವಿತ್ತು, ಬೀಗ ತೆಗೆಯುವ ಅಂಕಿ ಸುಬ್ಬಮ್ಮನ ತಲೆಯಲ್ಲಿತ್ತು. ಪ್ರತಿಭಾ ಪಂಚರ ಎದುರಿಗೇ ಹೇಳಿದರು: "ನೀವು ಆರೋಪಿ. ಅದನ್ನು ಹೇಳಲೇಬೇಕು ಅಂತ ನಾನು ನಿಮ್ಮನ್ನ ಬಲವಂತ ಮಾಡುವಂತಿಲ್ಲ. ಆದರೆ ಒಂದು ವಿಷಯ ತಿಳ್ಕೊಳ್ಳಿ. ಆ ಬುಟ್ಟಿ ಇವತ್ತು 11.42ಕ್ಕೆ ತಾನಾಗೇ ಖಾಲಿಯಾಗುತ್ತೆ. ಆಮೇಲೆ ಯಾರಿಂದಲೂ ತರೋಕಾಗಲ್ಲ."

ಸುಬ್ಬಮ್ಮ ತಲೆಯೆತ್ತಿದರು. "ತಾನಾಗೇ? ಯಾಕೆ? ನಾನು ಬುಟ್ಟೀಲೇ ಬುಟ್ಟಿದ್ನಲ್ಲ."

"ಮೂವತ್ತು ದಿನ ಅಷ್ಟೇ ಇರುತ್ತೆ."

"ಅದ್ರಲ್ಲಿ ದೀಪ ಅವ್ಳೆ," ಎಂದರು ಸುಬ್ಬಮ್ಮ. ಪೊಲೀಸರಿಗೆ ಅರ್ಥವಾಗಲಿಲ್ಲ. ಮುಖ್ಯೋಪಾಧ್ಯಾಯರು ತಗ್ಗಿದ ದನಿಯಲ್ಲಿ ವಿವರಿಸಿದರು: ದೀಪಶ್ರೀ, ಸುಬ್ಬಮ್ಮನವರ ಹಿರಿಯ ಮಗಳು. ತಂಗಿಯ ಮದುವೆಯ ಮುಂದಿನ ವರ್ಷ ಹೆರಿಗೆಗೆಂದು ಹೋದವಳು, ಆಪರೇಷನ್ ಕೋಣೆಯಿಂದ ಜೀವಂತ ಹೊರಗೆ ಬರಲಿಲ್ಲ.

"ಸಹಿ ಹಾಕು ಅಂದ್ರು. ನಾನೇ ಹಾಕ್ದೆ," ಎಂದರು ಸುಬ್ಬಮ್ಮ. "ಆಚೆ ಬೆಂಚಿನ್ ಮೇಲೆ ಕುಂತಿದ್ದೆ. ಎಂಟು ಗಂಟೆ ಹೊತ್ತು ಕುಂತಿದ್ದೆ. ಅನುಗೂ ಅದೇ ಬಾಗ್ಲು, ಅದೇ ಬೆಂಚು. ಆಲ್ಬಮ್ ಗೆದ್ಲು ತಿಂದಿದ್ದು ಸುಳ್ಳಲ್ಲ ಮೇಡಂ, ನಿಜ್ವಾಗ್ಲೂ ತಿಂದಿತ್ತು. ನೋಡ್ದಾಗ ನಂಗೆ ಸಮಾಧಾನ ಆಯ್ತು. ದೇವ್ರೇ ಬೇಡ ಅಂದ ಅನ್ನಿಸ್ತು. ಆಮೇಲೆ ಇವ್ಳು 'ಸ್ಟುಡಿಯೋದಲ್ಲಿ ಐತೆ ಬುಡವ್ವ' ಅಂದ್ಬುಟ್ಳು."

"ಅಳಿಯನ ಗತಿ?"

"ಡಯಾಲಿಸಿಸ್ ಮೇಲೆ ಹತ್ತು ವರ್ಷ ಬದ್ಕಿರೋರು ಇದಾರಂತೆ. ಅವ್ರೂ ಹಂಗೇ ಇರ್ತಾರೆ ಅಂದ್ಕಂಡೆ. ಆಮೇಲ್ ಒಂದಿನ ಫೋಟೊ ಸಿಕ್ತು ಅಂತ ನಾನೇ ತೆಗ್ದು ಕೊಡನ ಅಂತಿದ್ದೆ."

ಪ್ರತಿಭಾ ಅವರ ಹತ್ತಿರಕ್ಕೆ ಬಂದರು. "ಡಾಕ್ಟರು ಆರು ವಾರಕ್ಕೂ ಮಾತು ಕೊಟ್ಟಿಲ್ಲ, ಸುಬ್ಬಮ್ಮ. ನಿಮ್ಮ ಮಗಳು ಅದನ್ನ ನಿಮಗೆ ಹೇಳಿಲ್ಲವಾ?"

ಹೇಳಿರಲಿಲ್ಲ. ತಾಯಿ ಹೆದರುತ್ತಾಳೆಂದು ಮಗಳು ಮುಚ್ಚಿಟ್ಟಿದ್ದಳು. ಮಗಳಿಗೆ ನೋವಾಗುತ್ತದೆಂದು ತಾಯಿ ತನ್ನ ಭಯವನ್ನು ಮುಚ್ಚಿಟ್ಟಿದ್ದರು. ಸುಬ್ಬಮ್ಮ ಬಾಗಿಲ ಕಡೆ ಹೊರಟರು.

"ಇಲ್ಲಿ ಸಿಗ್ನಲ್ ಬರಾಕಿಲ್ಲ. ಶಾಲೆ ಮೆಟ್ಲತ್ರ ಬನ್ನಿ. ಬೇಗ ಬನ್ನಿ."

ಇನ್‌ಸ್ಪೆಕ್ಟರಿಗಿಂತ ಆರೋಪಿಯೇ ಮುಂದೆ ಓಡಿದರು. ಮೂರನೇ ಮೆಟ್ಟಿಲ ಮೇಲೆ ನಿಂತು ಅವರು ಬೀಗದ ಅಂಕಿ ಹೇಳಿದರು. ಪಂಚರ ಎದುರು, ಡೇರಿ ಕಾರ್ಯದರ್ಶಿ ಹಿಡಿದ ಕೊಡೆಯ ನೆರಳಲ್ಲಿ, ಸಂಘಮಿತ್ರಾ ಲ್ಯಾಪ್‌ಟಾಪ್ ತೆರೆದಳು. ಪಾಪಯ್ಯ ಎಲ್ಲವನ್ನೂ ವಿಡಿಯೋ ಮಾಡಿದರು. 11.19ಕ್ಕೆ ಕೋಡ್ ಕೇಳಿದರು. ಬರಲಿಲ್ಲ. 11.24ಕ್ಕೆ ಮತ್ತೆ ಕೇಳಿದರು. ಸುಬ್ಬಮ್ಮ ಫೋನನ್ನು ಮುಟ್ಟುವಂತಿರಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಪರದೆಯ ಮೇಲೆ ಬಾಗಿ ನಿಂತಿದ್ದರು.

"ಇನ್ನೊಂದ್ ಮೆಟ್ಲು ಮೇಲಕ್ಕೆ ಇಡಿ ಮಗ," ಎಂದರು. "ತೂಕ ಕಳ್ಸೋವಾಗ ನಾನು ಅಲ್ಲೇ ಇಡೋದು."

ಸಂಘಮಿತ್ರಾ ಮೇಲಿಟ್ಟಳು. 11.29ಕ್ಕೆ ಕೋಡ್ ಬಂತು. ಸುಬ್ಬಮ್ಮ ಗಟ್ಟಿಯಾಗಿ ಓದಿದರು, ಒಂದೊಂದೇ ಅಂಕಿ. 11.33ಕ್ಕೆ ಹದಿನೇಳನೇ ಖಾತೆ ತೆರೆಯಿತು. ಬುಟ್ಟಿಯಲ್ಲಿ 1,864 ಫೋಟೊ ಇದ್ದವು. ಸಂಘಮಿತ್ರಾ ಎಲ್ಲವನ್ನೂ ಆಯ್ದು, ಮರಳಿಸು ಎಂಬಲ್ಲಿ ಒತ್ತಿದಳು. ನೆಟ್‌ವರ್ಕ್ ನಿಧಾನವಾಗಿತ್ತು. ಕೊನೆಯದು ಮರಳಿದಾಗ 11.40.

ಧಾರೆಯ ಚಿತ್ರವೊಂದು ಪರದೆಯ ಮೇಲೆ ಮೂಡಿತು. ಅನುಶ್ರೀ, ದೇವರಾಜು, ಅವರ ಜೋಡಿಸಿದ ಕೈಗಳ ಕೆಳಗೆ ಕಲಶ ಹಿಡಿದ ಚನ್ನಪ್ಪ. ಅಂಚಿನಲ್ಲಿ ದೀಪಶ್ರೀ ತಂಗಿಯ ಬಾಸಿಂಗ ಸರಿಪಡಿಸುತ್ತಿದ್ದಳು. ಸುಬ್ಬಮ್ಮ ನೋಡಿದರು. ಸಂಘಮಿತ್ರಾ ಮುಂದಿನ ಚಿತ್ರಕ್ಕೆ ಹೋಗಲು ಅವಸರ ಮಾಡಲಿಲ್ಲ.

12.15ಕ್ಕೆ ಬಂಧನದ ಪತ್ರ ತಯಾರಾಯಿತು. ಫೋನು, ಸಿಮ್ ಜಪ್ತಿಯಾದವು. ಆ ದಿನ ಇನ್ನೂ ಒಂಬತ್ತು ಮಕ್ಕಳ ತೂಕ ಕಳಿಸಬೇಕಿತ್ತು. ಪಾಪಯ್ಯ ಅವನ್ನು ಕಾಗದದ ಮೇಲೆ ಬರೆದು ಸಹಾಯಕಿಯ ಕೈಗೆ ಕೊಟ್ಟರು.

"ನಿಮ್ಮ ಬಂಧನದ ವಿಷಯ ಯಾರಿಗೆ ತಿಳಿಸಬೇಕು?" ನಿಯಮದಂತೆ ಪ್ರತಿಭಾ ಕೇಳಿದರು.

ಸುಬ್ಬಮ್ಮನಿಗೆ ಹೇಳಿಕೊಳ್ಳಲು ಒಂದೇ ಹೆಸರಿತ್ತು. ಅದು ದೂರುದಾರಳ ಹೆಸರು.

ಜಾಮೀನು ಸಿಗುವ ಅಪರಾಧವಾದ್ದರಿಂದ ಠಾಣೆಯಲ್ಲಿಯೇ ಬಿಡಬಹುದಿತ್ತು. ಸಂಜೆ ನಾಲ್ಕಕ್ಕೆ ಜಾಮೀನುದಾರನಾಗಿ ಬಂದವನು ದೇವರಾಜು. ಪಾಪಯ್ಯ ಅವನನ್ನು ಹಿಡಿದು ಮೆಟ್ಟಿಲು ಹತ್ತಿಸಿದರು. ನಡುವೆ ಎರಡು ಸಲ ನಿಂತು ಉಸಿರು ತೆಗೆದುಕೊಂಡ. ಸಹಿ ಹಾಕಿ, ಬೆಂಚಿನ ಮೇಲಿದ್ದ ಸುಬ್ಬಮ್ಮನ ಪಕ್ಕದಲ್ಲಿ ಕೂತ.

"ನಂಗೊಂದ್ ಮಾತು ಹೇಳಿದ್ರೆ ನಾನೇ ಕಿಡ್ನಿ ಬೇಡ ಅಂತಿದ್ನಲ್ಲ ಅತ್ತೆ."

"ಅಂತೀರ ಅಂತ ಗೊತ್ತಿತ್ತು ಕಣಪ್ಪ. ಅದಕ್ಕೇ ಹೇಳ್ನಿಲ್ಲ. ನೀವೂ ಬೇಡ ಅನ್ಬಾರ್ದು, ನಾನೂ ಬೇಡ ಅನ್ಬಾರ್ದು. ಕಾಗ್ದ ಸಾಲ್ದು ಅಂತ ಆಸ್ಪತ್ರೆಯೋರು ಅಂದ್ರೆ ಯಾರ್ ಮೇಲೂ ತಪ್ಪಿರಕಿಲ್ಲ ಅಂದ್ಕಂಡೆ."

ಪ್ರತಿಭಾ ಕೇಸ್ ಡೈರಿಯಲ್ಲಿ ಉದ್ದೇಶದ ಮುಂದೆ ಬರೆದರು: 'ದ್ವೇಷವಿಲ್ಲ. ಲಾಭವಿಲ್ಲ. ಹಿರಿಯ ಮಗಳ ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯ ಸಹಿ ಹಾಕಿದ್ದು ಆರೋಪಿಯೇ. ಎರಡನೇ ಸಲ ಹಾಕಲು ಧೈರ್ಯ ಸಾಲಲಿಲ್ಲ.'

ಅನುಶ್ರೀ ಒಳಗೆ ಬಂದಿರಲಿಲ್ಲ. ಅಚ್ಚು ಹಾಕಿಸಿದ ಫೋಟೊಗಳ ಲಕೋಟೆ ಹಿಡಿದು ಬಾಗಿಲ ಹೊರಗೆ ನಿಂತಿದ್ದಳು. ತಾಯಿ ಹೊರಗೆ ಬಂದಾಗ ಮುಖ ನೋಡಲಿಲ್ಲ. ಬೀದಿಯ ಕಡೆ ನೋಡಿಕೊಂಡೇ ಹೇಳಿದಳು.

"ಸೋಮವಾರ ಸಮಿತಿಯೋರು ನಿನ್ನನ್ನೂ ಕೇಳ್ತಾರಂತೆ. ಕೊಡೋರ ತಾಯಿ ಒಪ್ಪಿದಾರಾ ಅಂತ. ಒಪ್ತೀನಿ ಅನ್ನು, ಬೇಡ ಅನ್ನು. ಏನಿದ್ರೂ ಬಾಯ್ಬಿಟ್ಟು ಹೇಳವ್ವ. ನನ್ ಎದುರಿಗೆ ಹೇಳು."

ಸುಬ್ಬಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ದೇವರಾಜು ಹಿಂದಿನಿಂದ ಮೆಟ್ಟಿಲಿಳಿಯುತ್ತಿದ್ದ. ಅವನು ಕೊನೆಯ ಮೆಟ್ಟಿಲು ಮುಟ್ಟುವವರೆಗೂ ಅವರು ಅವನನ್ನೇ ನೋಡುತ್ತ ನಿಂತರು. ಅವನು ಇನ್ನೊಮ್ಮೆ ಕಂಬ ಹಿಡಿದು ಉಸಿರೆಳೆದುಕೊಂಡ.

"ಎಷ್ಟೊತ್ಗೆ ಬಸ್ಸು, ಮೈಸೂರಿಗೆ?" ಎಂದು ಸುಬ್ಬಮ್ಮ ಮಗಳನ್ನು ಕೇಳಿದರು.